ಕೊಪ್ಪರಿಗೆಯ ಸುತ್ತ ಕೆಂಪು ಗೆರೆ

ಆತಗೂರು ಹೋಬಳಿ, ಮದ್ದೂರು ತಾಲ್ಲೂಕು
೩ ಸೆಪ್ಟೆಂಬರ್ ೨೦೨೪

ಲೇ ಮಕ್ಸೂದು,

ಐ ಯಾಮ್ ಕ್ವೈಟ್ ವೆಲ್ ಅಂಡ್ ಹೋಪ್ ಯು ಆರ್ ದಿ ಸೇಮ್. ಪತ್ರ ಅಂದರೆ ಹೀಗೇ ಶುರುವಾಗಬೇಕು ಅಂತ ಮಂಡ್ಯದ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದರು. ನಾನು ಓದಿ ಬಿಟ್ಟ ಬಿ.ಎ.ಯಲ್ಲಿ ಪೂರ್ತಿ ನೆನಪಿರುವುದು ಇದೊಂದೇ ವಾಕ್ಯ. ಮಿಕ್ಕಿದ್ದೆಲ್ಲ ಕಬ್ಬಿನ ಜೊತೆ ಗಾಣಕ್ಕೆ ಹೋಯಿತು.

ಈ ಕಾಲದಲ್ಲಿ ಇವನ್ಯಾಕೆ ಪತ್ರ ಬರೆಯುತ್ತಾನೆ ಅಂದುಕೊಳ್ಳಬೇಡ. ಫೋನು ಮಾಡಿದರೆ ನೀನು ಆಂ ಆಂ ಅನ್ನುತ್ತೀಯೆ, ನಾನು ಕೂಗುತ್ತೇನೆ, ನಮ್ಮಿಬ್ಬರಿಗೂ ಜಗಳ ಅಂತ ಬೀದಿಯವರು ಇಣುಕುತ್ತಾರೆ. ನಿನ್ನ ಕಿವಿ ಇಷ್ಟು ಹದಗೆಟ್ಟಿದೆ ಅಂತ ನೀನು ಹೇಳಲೂ ಇಲ್ಲ. ಅಳಿಯ ನಾಗರಾಜುಗೆ ಈಗ ಮದ್ದೂರು–ಮಳವಳ್ಳಿ ರೂಟು ಕೊಟ್ಟಿದ್ದಾರೆ. ಡ್ರೈವರ್ ಸೀಟಿನ ಪಕ್ಕ ಈ ಲಕೋಟೆ ಇಟ್ಟುಕೊಂಡು ಬರುತ್ತಾನೆ. ನಿನ್ನ ಮಗ ಆಸಿಮ್ ಬಸ್ ಸ್ಟ್ಯಾಂಡಿಗೆ ಬಂದು ಇಸಕೊಳ್ಳಲಿ. ನಮ್ಮಿಬ್ಬರಿಗೇ ಅಂತ ಸರ್ಕಾರ ಒಂದು ಬಸ್ಸು ಬಿಟ್ಟಂತಾಯಿತು.

ವಿಷಯಕ್ಕೆ ಬರುತ್ತೇನೆ. ಆಲೆಮನೆಯನ್ನು ವೀಣನಿಗೆ ಬಿಟ್ಟುಕೊಟ್ಟೆ. ಅವಳಮ್ಮ ಕುಸುಮ ತೀರಿಹೋದ ಮೇಲೆ ಒಂದು ಸೀಸನ್ ಹೇಗೋ ನಾನೇ ಎಳೆದೆ. ಅವಳಿಲ್ಲದ ಆಲೆಮನೆಯಲ್ಲಿ ನನಗೆ ಕೂರಲು ಜಾಗವೇ ಸಿಗುತ್ತಿರಲಿಲ್ಲ. ಬಿಡು, ಅದು ಬೇರೆ ಮಾತು. ಮಗಳು ಮದ್ದೂರಿನ ಹತ್ತಿರ ಒಂದು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿದ್ದಳಲ್ಲ, ಅದನ್ನು ಬಿಟ್ಟು ಬಂದು, 'ಅಪ್ಪ, ನಾನು ನಡೆಸ್ತೀನಿ, ಆದರೆ ನನ್ನ ರೀತೀಲಿ' ಅಂದಳು. ಅವಳ ರೀತಿ ಏನು ಅಂತ ನನಗೆ ಆಗ ಗೊತ್ತಿರಲಿಲ್ಲ.

ಹೋದ ಸೀಸನ್ನಿನಲ್ಲಿ ಒಂದು ಸಂಗತಿ ನಡೆಯಿತು. ನಮ್ಮ ಆಲೆಮನೆಗೆ ಬಂದವರು ಬರಿಗೈಲಿ ಹೋದದ್ದಿಲ್ಲ, ನಿನಗೆ ಗೊತ್ತು. ಕಬ್ಬಿನ ಹಾಲು ಕುಡಿಯುವವರು ಕುಡಿಯುತ್ತಾರೆ, ಬಿಸಿ ಬೆಲ್ಲ ತಿನ್ನುವವರು ತಿನ್ನುತ್ತಾರೆ, ಕೊಬ್ಬರಿ ಗಿಟುಕು, ಕುಂಬಳದ ಹೋಳು ತಂದವರು ದಾರ ಕಟ್ಟಿ ಕುದಿಯುವ ಪಾಕಕ್ಕೆ ಇಳಿಬಿಡುತ್ತಾರೆ. ಹಾಗೇ ಮಂಡ್ಯದಿಂದ ಬಂದ ನೆಂಟರ ಹುಡುಗಿಯೊಬ್ಬಳು ಒಂದು ಕೈಯಲ್ಲಿ ದಾರ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಕೊಪ್ಪರಿಗೆಗೆ ಬೆನ್ನು ಹಾಕಿ ಸೆಲ್ಫಿಗೆ ನಿಂತಳು. ಕೆಳಗೆ ಪಾಕದಿಂದ ತೆಗೆದು ಚೆಲ್ಲಿದ ನೊರೆ. ಕಾಲು ಜಾರಿತು. ಒಲೆ ಮಾದಯ್ಯ ರಟ್ಟೆ ಹಿಡಿದು ಎಳೆಯದಿದ್ದರೆ ಇವತ್ತು ಈ ಪತ್ರವನ್ನು ಬೇರೆ ಥರ ಬರೆಯಬೇಕಾಗಿತ್ತು. ಮೊಬೈಲು ಪಾಕಕ್ಕೆ ಬಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ದಿನ ಹಾಲು ಹಂಚುತ್ತಿದ್ದ ವೀಣ ಮಾತ್ರ ನಗಲಿಲ್ಲ.

ಈಗ ಹೇಳುತ್ತಾಳೆ: ಕೊಪ್ಪರಿಗೆಯ ಸುತ್ತ ಕೆಂಪು ಗೆರೆ ಎಳೆಯುತ್ತೇನೆ, ಒಲೆ ಕೆಲಸದವರ ಹೊರತು ಯಾರೂ ದಾಟಕೂಡದು. ಯಾರಿಗೆ ಏನು ಅಪಾಯ ಕಂಡರೂ ಗಾಣ ನಿಲ್ಲಿಸುವ ಹಕ್ಕು ಇರಬೇಕು, ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರಡುವ ಹೆಂಗಸಿಗೂ. ನಿಲ್ಲಿಸಿದವರನ್ನು ಯಾರೂ ಬೈಯಕೂಡದು. ಗಾರ್ಮೆಂಟ್ಸಿನಲ್ಲಿ ಕಲಿತದ್ದು. ಅಲ್ಲಿ ಇದಕ್ಕೆಲ್ಲ ಗೈಡಿಂಗ್ ಪ್ರಿನ್ಸಿಪಲ್ಸ್ ಅಂತ ಹೆಸರಂತೆ, ಇಲ್ಲೂ ಗೋಡೆ ಮೇಲೆ ಬರೆಸುತ್ತಾಳಂತೆ.

ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು. ಬಂದವರನ್ನು ಗೆರೆಯ ಆಚೆ ನಿಲ್ಲಿಸಿದರೆ ಊರು ಏನನ್ನುತ್ತದೆ? ಮಾದಯ್ಯ ಆಗಲೇ ಮುಖ ಗಂಟು ಹಾಕಿಕೊಂಡಿದ್ದಾನೆ. ಅವನು ಗುಂಪು ಕಟ್ಟಿಕೊಂಡು ಹೊರಟರೆ ಪಾಕದ ಹದ ನೋಡುವವರಿಲ್ಲ. ಮಗಳ ಮೊದಲ ಸೀಸನ್ನೇ ಕೊನೆಯ ಸೀಸನ್ ಆಗುತ್ತದೆ.

ಗಾಣ ನಿಲ್ಲಿಸುವ ವ್ಯವಸ್ಥೆ ನೀನೇ ಮಾಡಿಕೊಡಬೇಕು. ಆ ಗಾಣ ಕೂರಿಸಿದವನು ನೀನು. ಬಾ. ಬಂದು ನಾಲ್ಕು ದಿನ ಇದ್ದು ಹೋಗು.

ಯುವರ್ಸ್ ಟ್ರೂಲಿ,
ಕೆಂಪರಾಜು

*

ಮಳವಳ್ಳಿ
೧೨ ಸೆಪ್ಟೆಂಬರ್ ೨೦೨೪

ಕೆಂಪ,

ನಿನ್ನ ಪತ್ರ ಬಂತು. ಓದುವಷ್ಟರಲ್ಲಿ ಎರಡು ಸಲ ಟೀ ಆರಿತು. ಅಷ್ಟುದ್ದ ಯಾಕೆ ಬರೀತೀಯ?

ನಾನು ಬರುವುದಿಲ್ಲ. ಕಿವಿ ಕೇಳದವನು ತಿರುಗುವ ಮಿಷನ್ ಹತ್ತಿರ ನಿಲ್ಲಕೂಡದು. ಇದನ್ನು ನಿನ್ನ ಮಗಳ ಗೋಡೆ ಮೇಲೆ ಬರೆಸು. ಆಸಿಮ್‌ನನ್ನು ಕಳಿಸುತ್ತೇನೆ, ಕೆಲಸ ಗೊತ್ತು ಅವನಿಗೆ.

ಸ್ವಿಚ್ಚು ಒಂದು ಕಡೆ ಇದ್ದರೆ ಪ್ರಯೋಜನವಿಲ್ಲ. ಕೈ ಸಿಕ್ಕಿಕೊಂಡವನು ಅಲ್ಲಿಗೆ ಹೇಗೆ ಓಡುತ್ತಾನೆ? ಗಾಣದಿಂದ ಒಲೆಯವರೆಗೆ ಸೊಂಟದ ಎತ್ತರಕ್ಕೆ ಒಂದು ಹಗ್ಗ ಕಟ್ಟಿ. ಎಲ್ಲಿ ಹಿಡಿದು ಎಳೆದರೂ ಮೋಟರು ನಿಲ್ಲಬೇಕು. ನಿಂತಾಗ ಒಂದು ಕೆಂಪು ಬಲ್ಬು ಉರಿಯಬೇಕು, ಎಲ್ಲರಿಗೂ ಕಾಣುವ ಕಡೆ. ಗಂಟೆ ಗಿಂಟೆ ಬೇಡ. ಗಾಣದ ಸದ್ದಿನಲ್ಲಿ ನಿನಗೂ ಕೇಳಿಸುವುದಿಲ್ಲ, ನನ್ನ ಮಾತು ಬಿಡು.

ವೀಣ ಮಾಡುತ್ತಿರುವುದು ಸರಿ. ನೀನು ಮಧ್ಯೆ ಬಾಯಿ ಹಾಕಬೇಡ.

ಮಕ್ಸೂದ್

*

ಆತಗೂರು ಹೋಬಳಿ
೧೬ ಅಕ್ಟೋಬರ್ ೨೦೨೪

ಲೇ ಮಕ್ಸೂದು,

ಟು ಬಿಗಿನ್ ವಿತ್, ನಿನ್ನ ಮಗ ಬಂಗಾರ. ಬಂದ, ಕಿವಿಗೆ ಅದೇನೋ ದಪ್ಪ ಬಟ್ಟಲು ಹಾಕಿಕೊಂಡ, ಕೆಲಸ ಮುಗಿಸಿದ, ಒಂದು ಮಾತು ಹೆಚ್ಚಿಗೆ ಆಡಲಿಲ್ಲ. ನಿನ್ನ ಮಗ ಹೇಗೆ ಇಷ್ಟು ಕಡಿಮೆ ಮಾತಾಡುತ್ತಾನೋ. ಹಗ್ಗ ನೀನು ಹೇಳಿದ ಹಾಗೇ ಬಂದಿದೆ. ಬಲ್ಬನ್ನು ತೊಲೆಗೆ ನೇತು ಹಾಕಿದ್ದಾನೆ. ಅದು ಉರಿದರೆ ನಮ್ಮ ತೆಂಗಿನ ತೋಟದ ಕೊನೆಯಿಂದಲೂ ಕಾಣುತ್ತದೆ.

ಗೆರೆಯನ್ನು ವೀಣ ತಾನೇ ಬಳಿದಳು. ಬಂದವರಿಗೆ ಅಂತ ಗೆರೆಯ ಈಚೆ ತೆಂಗಿನ ಗರಿಯ ಚಪ್ಪರ ಹಾಕಿಸಿ ಬೆಂಚು ಇಡಿಸಿದ್ದಾಳೆ. ಹಾಲೂ ಬಿಸಿ ಬೆಲ್ಲವೂ ಅಲ್ಲಿಗೇ ಬರುತ್ತದೆ, ಮುತ್ತುಗದ ಎಲೆಯಲ್ಲಿ. ಕೊಬ್ಬರಿ ಅದ್ದಿಸಬೇಕಾದವರು ಒಲೆಯವರ ಕೈಗೆ ಕೊಡಬೇಕು, ಅವರು ಅದ್ದಿ ತಂದುಕೊಡುತ್ತಾರೆ. ನನಗೆ ಮೊದಲು ಇದು ಹೋಟೆಲ್ ಆಯಿತಲ್ಲ ಅನ್ನಿಸಿತು. ಬೆಂಚಿನ ಮೇಲೆ ಕೂತು ನೋಡಿದೆ. ಹೊಗೆ ಬರುವುದಿಲ್ಲ. ಕುಸುಮನ ಮಂಡಿ ನೋವಿನ ಕಾಲದಲ್ಲಿ ಇಂಥ ಒಂದು ಬೆಂಚು ಹಾಕಿಸಬಹುದಿತ್ತು.

ಗೋಡೆ ಬರಹದ ಕೆಲಸ ನನ್ನದು. ನನ್ನ ಅಕ್ಷರ ಗುಂಡಗಿದೆ ಅಂತ ಊರಿಗೆಲ್ಲ ಗೊತ್ತು. ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಹೆಡ್ಡಿಂಗ್ ಕೊಡೋಣ ಅಂದೆ. 'ಯಾರ್ ಓದ್ತಾರಪ್ಪ?' ಅಂದಳು. ನಾನು ಓದುತ್ತೇನೆ ಅನ್ನಬೇಕೆಂದಿದ್ದೆ. ಕೊನೆಗೆ ಕನ್ನಡದಲ್ಲೇ ಬರೆದೆ. ಅಪಾಯ ಕಂಡವರು ಯಾರಾದರೂ ಹಗ್ಗ ಎಳೆಯಬಹುದು, ಎಳೆದವರನ್ನು ಬೈಯಕೂಡದು ಅಂತ ಮೊದಲನೆಯದು. ಗೆರೆಯೊಳಗೆ ಒಲೆಯವರ ಹೊರತು ಬೇರೆ ಯಾರಾದರೂ ಇದ್ದಷ್ಟು ಹೊತ್ತು ಕೊಪ್ಪರಿಗೆ ಇಳಿಸಕೂಡದು. ತೂಕಡಿಕೆ ಬಂದವರು ಗಾಣಕ್ಕೆ ಕಬ್ಬು ಕೊಡಬಾರದು, ಬಂತು ಅಂತ ಹೇಳಿದರೆ ಕೂಲಿ ಮುರಿಯುವುದಿಲ್ಲ. ಆಮೇಲಿನದು ಬರೆಯುವಾಗ ಕುಂಚ ಸ್ವಲ್ಪ ನಿಂತಿತು: ಸೆರಗು, ಟವಲು ಸೊಂಟಕ್ಕೆ ಸಿಕ್ಕಿಸದವರು ಗಾಣದ ಹತ್ತಿರ ಬರಕೂಡದು. ಇದು ಗಾರ್ಮೆಂಟ್ಸಿನದಲ್ಲ. ಬಾಗಿಲಲ್ಲೇ ನಿಂತು ಪ್ರತಿಯೊಬ್ಬ ಹೆಂಗಸಿಗೂ ಇದನ್ನು ಹೇಳುತ್ತಿದ್ದವಳು ಯಾರು ಅಂತ ನಿನಗೂ ಗೊತ್ತು. ಮಗಳು ಕೆಳಗೆ ಒಂದಷ್ಟು ಜಾಗ ಖಾಲಿ ಬಿಡು ಅಂದಳು. ಇನ್ನೂ ಏನಾದರೂ ಹೊಳೆಯಬಹುದಂತೆ.

ಆಯುಧಪೂಜೆಯ ದಿನ ಒಂದು ತಮಾಷೆ. ಗಾಣಕ್ಕೆ ಬಾಳೆಕಂದು ಕಟ್ಟಿ, ಮಾದಯ್ಯನ ಗುಂಪಿನವರು ಭಕ್ತಿಯಿಂದ ಆ ಹಗ್ಗಕ್ಕೂ ಚೆಂಡುಹೂ ಸುತ್ತಿ ಕಂದಿಗೆ ಬಿಗಿದುಬಿಟ್ಟಿದ್ದರು. ಮಂಗಳಾರತಿ ಆಯಿತು, ಶಾಸ್ತ್ರಕ್ಕೆ ಅಂತ ಗಾಣ ತಿರುಗಿಸಿದರು. ವೀಣ ಹೋಗಿ ಹಗ್ಗ ಎಳೆದಳು. ಗಾಣ ಅದರ ಪಾಡಿಗೆ ತಿರುಗುತ್ತಲೇ ಇದೆ. ದೇವರಿಗೆ ಅಲಂಕಾರ ಬೇಕು, ಹಗ್ಗಕ್ಕೆ ಬೇಡ ಅಂತ ಅಷ್ಟೂ ಹೂವನ್ನು ಬಿಚ್ಚಿಸಿ ಮತ್ತೆ ಎಳೆದು ನೋಡಿದ ಮೇಲೇ ಪ್ರಸಾದ ಮುಟ್ಟಿದಳು.

ಅಲ್ಲೇ ಮಾದಯ್ಯನ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು. ಎಲ್ಲರ ಮುಂದೆ ಹೇಳಿದ:

'ವೀಣಮ್ಮ, ಗೋಡೆ ಮ್ಯಾಲೆ ಬರ್ದಿರದೆಲ್ಲ ಕೂಲಿಯೋರ್ಗೆ ಕಣವ್ವ. ಗೌಡ್ರ ನೆಂಟ್ರು ಬಂದ ದಿನ ಈ ಗೆರೆ ಅಳಿಸೋಯ್ತದೆ. ನಾನು ಬಾಳ ಆಲೆಮನೆ ನೋಡಿವ್ನಿ. ಸಂಕ್ರಾಂತಿ ಗಂಟ ಇರ್ತೀನಿ. ಗೆರೆ ಅಳಿಸೋಯ್ತು ಅಂದ್ರೆ ಅವತ್ತೇ ಒಲೆ ಆರ್ಸಿ, ನನ್ ಜನ ಕರ್ಕಂಡು ಓಯ್ತೀನಿ.'

ಸಂಕ್ರಾಂತಿ ಅಂದರೆ ಇಡೀ ಊರು ಆಲೆಮನೆಗೆ ಬರುವ ದಿನ. ಬಸರಾಳಿನಿಂದ ಕುಸುಮನ ಅಣ್ಣ ಶಿವರಾಜು, ಹೋದ ಸಲ ಒಂದು ಬಿಟ್ಟರೆ, ತಪ್ಪದೆ ಬರುತ್ತಾನೆ. ಲೆಕ್ಕ ಹಾಕಿಯೇ ಆ ದಿನ ಹೇಳಿದ್ದಾನೆ ಮಾದಯ್ಯ. 'ಆಗ್ಲಿ ಮಾದಣ್ಣ' ಅಂದಳು ಮಗಳು. ಅಷ್ಟೇ ಅಂದದ್ದು. ವಾಟ್ ಎ ಗರ್ಲ್ ಅಂತ ನನಗೆ ನಾನೇ ಹೇಳಿಕೊಂಡೆ.

ಕೆಲಸ ಶುರುವಾಗುವ ದಿನಕ್ಕಾದರೂ ಬರುತ್ತೀಯಾ?

ಯುವರ್ಸ್ ಸಿನ್ಸಿಯರ್ಲಿ,
ಕೆಂಪರಾಜು

*

ಆತಗೂರು ಹೋಬಳಿ
೮ ಡಿಸೆಂಬರ್ ೨೦೨೪

ಲೇ ಮಕ್ಸೂದು,

ಹಿಂದಿನ ಪತ್ರಕ್ಕೆ ನಿನ್ನ ಉತ್ತರ ಬರಲಿಲ್ಲ. ಆಸಿಮ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ, ನಮ್ಮಬ್ಬಾ ಮನೆ ಬಿಟ್ಟು ಆಚೆ ಹೋಗುವುದೇ ಇಲ್ಲ ಅಂದ ಅಂತ ನಾಗರಾಜು ಹೇಳಿದ. ಯಾಕೋ? ಇರಲಿ. ನಾನು ಬರೆಯುತ್ತಿರುತ್ತೇನೆ.

ಒಲೆ ಹಚ್ಚಿ ತಿಂಗಳ ಮೇಲಾಯಿತು. ಬೆಲ್ಲ ಈ ಸಲ ಹೊಂಬಣ್ಣ. ಮಾದಯ್ಯ ಕೋಪದಲ್ಲಿದ್ದಾಗ ಹದ ಇನ್ನೂ ಚೆನ್ನಾಗಿ ಬರುತ್ತದೆ, ನೋಡಿದ್ದೇನೆ.

ಮಲ್ಲಿಗಮ್ಮ ಅಂತ ಹೊಸಬಳು ಬಂದಿದ್ದಾಳೆ, ನಿಮ್ಮ ಮಳವಳ್ಳಿ ಕಡೆಯವಳೇ. ಸಿಪ್ಪೆ ಹರಡುವ ಕೆಲಸ. ಸಣ್ಣ ಜೀವ, ತಲೆ ಎತ್ತಿ ಮಾತಾಡುವವಳಲ್ಲ. ಅವಳು ಸೇರಿದ ವಾರದಲ್ಲೇ ಒಂದು ಮಧ್ಯಾಹ್ನ ಗಾಣ ಗಕ್ಕನೆ ನಿಂತಿತು. ಕೆಂಪು ಬಲ್ಬು ಉರಿಯಿತು. ನೋಡಿದರೆ ಮಲ್ಲಿಗಮ್ಮ ಹಗ್ಗ ಹಿಡಿದು ನಿಂತಿದ್ದಾಳೆ. ಏನಮ್ಮಾ ಅಂದರೆ, ಗಾಣಕ್ಕೆ ಹೋಗುತ್ತಿದ್ದ ಕಬ್ಬಿನ ಕಟ್ಟಿನೊಳಗೆ ಅಳಿಲು ಕಂಡಿತಂತೆ. ಅಳಿಲು ಹೊರಗೆ ನೆಗೆದು ತೊಲೆಯ ಮೇಲೆ ಕೂತು ನಮ್ಮನ್ನೇ ಬೈಯುತ್ತಿತ್ತು. ಮಾದಯ್ಯನ ಗುಂಪಿಗೆ ಕೂಲಿ ಲೆಕ್ಕವೇ ಕೊಪ್ಪರಿಗೆ ಲೆಕ್ಕ. ಗಾಣ ನಿಂತರೆ ಅವರಿಗೆ ಉರಿಯುತ್ತದೆ. ಆದರೂ ಗೋಡೆಯ ಮೇಲಿದೆಯಲ್ಲ, ಬೈಯುವ ಹಾಗಿಲ್ಲ. ಬೈಯುವ ಬದಲು ಹೆಸರಿಟ್ಟರು. ಅವತ್ತಿನಿಂದ ಅವಳು ಅಳಿಲಮ್ಮ.

ವೀಣ ಅವಳ ಹತ್ತಿರ ಹೋಗಿ ಏನು ಕಂಡೆ ಅಂತ ಕೇಳಿದಳು, ಪೂರ್ತಿ ಕೇಳಿಸಿಕೊಂಡಳು. ಆಮೇಲೆ, 'ಒಳ್ಳೇದ್ ಮಾಡ್ದೆ ಮಲ್ಲಿಗಮ್ಮ. ಇನ್ನೊಂದ್ ಸಲ ಕಂಡ್ರೂ ಎಳಿ' ಅಂದಳು. ನಿಂತ ಹೊತ್ತಿಗೂ ಕೂಲಿ ಇದೆ ಅಂತ ಗುಂಪಿನವರಿಗೆಲ್ಲ ಕೇಳುವ ಹಾಗೆ ಹೇಳಿದಳು. ರಾತ್ರಿ ಊಟಕ್ಕೆ ಕೂತಾಗ ನಾನು, ಅಳಿಲಿಗೆಲ್ಲ ಗಾಣ ನಿಲ್ಲಿಸಿದರೆ ಹೇಗಮ್ಮಾ ಅಂದೆ. ಅವಳು ಸಾರು ಬಡಿಸುತ್ತಾ, ಅಳಿಲಿಗೆ ನಿಲ್ಲಿಸಿ ಬೈಸಿಕೊಂಡವಳು ಮನುಷ್ಯರಿಗೆ ನಿಲ್ಲಿಸುವುದಿಲ್ಲ ಅಪ್ಪ ಅಂದಳು. ನಾನು ಆ ಮಾತನ್ನು ಅನ್ನದ ಜೊತೆ ಬಹಳ ಹೊತ್ತು ಅಗಿದೆ.

ಊರಿನಲ್ಲಿ ಮಾತು ಎರಡು ಥರ ಇದೆ. ಗೌಡರ ಮಗಳು ಆಲೆಮನೆಗೆ ಬೇಲಿ ಹಾಕಿದಳು ಅನ್ನುವವರು ಒಂದು ಕಡೆ. ಚಪ್ಪರದಲ್ಲಿ ಕೂತು ಎರಡೆರಡು ಎಲೆ ಬೆಲ್ಲ ತಿಂದು ಹೋಗುವವರು ಇನ್ನೊಂದು ಕಡೆ. ಜನ ಅವರೇ.

ಸಂಕ್ರಾಂತಿ ಹತ್ತಿರ ಬರುತ್ತಿದೆ. ಮಾದಯ್ಯ ದಿನಾ ಬೆಳಿಗ್ಗೆ ಗೆರೆಯನ್ನು ಒಂದು ಸಲ ನೋಡಿ ಒಲೆಗೆ ಇಳಿಯುತ್ತಾನೆ, ಅಳಿಸಿದೆಯೋ ಅಂತ. ಬಣ್ಣ ಮಾಸಿದ ಕಡೆ ವೀಣ ಅವನ ಕಣ್ಣೆದುರಿಗೇ ಮತ್ತೆ ಬಳಿಯುತ್ತಾಳೆ.

ನಿನ್ನ,
ಕೆಂಪರಾಜು

*

ಮಳವಳ್ಳಿ
೨೬ ಡಿಸೆಂಬರ್ ೨೦೨೪

ಕೆಂಪ,

ನಾನು ಯಾಕೆ ಆಚೆ ಹೋಗುವುದಿಲ್ಲ ಅಂತ ಕೇಳಿದ್ದೀಯ. ಕೇಳು.

ಜನ ಕೂತು ಮಾತಾಡುವ ಕಡೆ ನನಗೆ ಏನೂ ಕೇಳಿಸುವುದಿಲ್ಲ. ಎಲ್ಲರೂ ನಕ್ಕಾಗ ನಗುತ್ತೇನೆ. ಒಂದು ಸಲ ಸಾವಿನ ಮನೆಯಲ್ಲಿ ಯಾರದೋ ಮುಖ ನೋಡಿ ತಪ್ಪು ತಿಳಿದು ನಕ್ಕುಬಿಟ್ಟೆ. ಅವತ್ತಿನಿಂದ ಸಾಕು ಅನ್ನಿಸಿತು.

ಒಂದೇ ದಿನ ಹೋದದ್ದಲ್ಲ. ವರ್ಷಗಟ್ಟಲೆ ಮಿಷನ್ ಅಂಗಡಿಯಲ್ಲಿ ಗ್ರೈಂಡಿಂಗ್, ಸುತ್ತಿಗೆ. ಮೊದಲು ಹಕ್ಕಿ ಸದ್ದು ಹೋಯಿತು, ಗೊತ್ತೇ ಆಗಲಿಲ್ಲ. ಆಮೇಲೆ ಮೊಮ್ಮಗಳು ಆಮ್ನಾ ಮಾತು. ಅದು ಗೊತ್ತಾಯಿತು. ಅಂಗಡಿ ನನ್ನದೇ, ನಾನೇ ಯಜಮಾನ, ನಿಲ್ಲಿಸು ಅನ್ನುವವರು ಯಾರೂ ಇರಲಿಲ್ಲ. ಅಂದಿದ್ದರೂ ಯಜಮಾನ ಅಂತ ನಾನು ಕೇಳುತ್ತಿರಲಿಲ್ಲ.

ಆಸಿಮ್ ಕಿವಿಗೆ ಹಾಕಿಕೊಳ್ಳುತ್ತಾನಲ್ಲ ಸದ್ದು ತಡೆಯುವ ಆ ಬಟ್ಟಲು, ನಾನೇ ನಿಂತು ಹಾಕಿಸಿದ್ದು.

ವೀಣನಿಗೆ ಹೇಳು, ಅಳಿಲಿನ ಕೆಲಸ ನೂರಕ್ಕೆ ನೂರು ಸರಿ ಅಂತ.

ಮಕ್ಸೂದ್

*

ಆತಗೂರು ಹೋಬಳಿ
೧೭ ಜನವರಿ ೨೦೨೫

ಪ್ರೀತಿಯ ಮಕ್ಸೂದು,

ನಿನ್ನ ಪತ್ರ ಮೇಜಿನ ಮೇಲೇ ಇದೆ. ಕಾಲೇಜಿನ ಇಂಗ್ಲಿಷಿನಲ್ಲೂ ಅದಕ್ಕೆ ವಾಕ್ಯ ಸಿಗಲಿಲ್ಲ. ಸಂಕ್ರಾಂತಿಯ ಸಂಗತಿ ಹೇಳುತ್ತೇನೆ, ಅದರಲ್ಲೇ ಉತ್ತರ ಇದ್ದರೂ ಇರಬಹುದು.

ಜನ ಬೆಳಿಗ್ಗೆಯಿಂದಲೇ. ಎಳ್ಳು ಬೆಲ್ಲದ ತಟ್ಟೆ ಹಿಡಿದ ಹುಡುಗಿಯರು, ಹೊಸ ಪಂಚೆಯ ಗಂಡಸರು, ಚೊಂಬು, ಕ್ಯಾನು, ಕೊಬ್ಬರಿ ಗಿಟುಕು. ಚಪ್ಪರ ಸಾಲದೆ ತೋಟದವರೆಗೂ ನಿಂತಿದ್ದರು. ವೀಣ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಲು ಹಂಚುತ್ತಿದ್ದಳು. ದೂರದಿಂದ ನೋಡಿದರೆ ಥೇಟ್ ಅವಳಮ್ಮ. ಯಾರೂ ಗೆರೆ ದಾಟಲಿಲ್ಲ. ಗೊಣಗಿದರು, ಆದರೆ ದಾಟಲಿಲ್ಲ. ಮಾದಯ್ಯ ಒಲೆಯಿಂದ ಒಂದು ಕಣ್ಣು ಇತ್ತಲೇ ಇಟ್ಟಿದ್ದ.

ಶಿವರಾಜು ಬಂದ. ಬಸರಾಳಿನ ದೊಡ್ಡ ಮನುಷ್ಯ, ತಂಗಿ ಮನೆ ಅಂದರೆ ಸಲಿಗೆ. ತಂಗಿ ಹೋದ ಮೇಲೆ ಮೊದಲ ಸಲ ಬಂದದ್ದು. ಬಂದವನೇ ನನ್ನ ಕೈ ಹಿಡಿದ. ಕುಸುಮನ ಮಾತು ಎಲ್ಲಿ ಎತ್ತುತ್ತಾನೋ ಅಂತ ನಾನು ಬೆಲ್ಲದ ವಿಷಯ ತೆಗೆದೆ. ಈ ಸಲ ಪಾಕ ಹೇಗಿದೆ ಗೊತ್ತಾ ಭಾವ, ನೂಲೆಳೆದ ಹಾಗೆ ಬರುತ್ತೆ, ಬಾ ತೋರಿಸ್ತೀನಿ ಅಂದೆ. ಅವನ ಕೈ ಹಿಡಿದೇ ನಡೆದೆ. ಕೊಪ್ಪರಿಗೆ ಇಳಿಸುವ ಹೊತ್ತು ಅದು. ಮಾದಯ್ಯ ನೀರಿನ ಬಟ್ಟಲಿಗೆ ಪಾಕ ಬಿಟ್ಟು ಬೆರಳಲ್ಲಿ ಹದ ನೋಡುತ್ತಿದ್ದ, ಅವನ ಜನ ಎತ್ತುವ ಗಳಕ್ಕೆ ಕೈ ಹಾಕಿ ನಿಂತಿದ್ದರು. ನಾನು ಭಾವನಿಗೆ ಬೆರಳು ತೋರಿಸಿ ವಿವರಿಸುತ್ತಿದ್ದೇನೆ.

ಗಾಣ ನಿಂತಿತು.

ನಿನಗೆ ಅದು ಹೇಗೆ ಹೇಳಲಿ. ಅಷ್ಟು ದೊಡ್ಡ ಸದ್ದು ಒಂದೇ ಸಲ ಹೋದರೆ ಕಿವಿಯೊಳಗೆ ಗುಯ್ ಅನ್ನುತ್ತದೆ. ತಲೆ ಎತ್ತಿದರೆ ಕೆಂಪು ಬಲ್ಬು. ಹಗ್ಗ ಹಿಡಿದು ನಿಂತವಳು ಮಲ್ಲಿಗಮ್ಮ. ಊರೆಲ್ಲ ನೋಡುತ್ತಿದೆ. ಅವಳ ಧ್ವನಿ ನಾನು ಸರಿಯಾಗಿ ಕೇಳಿದ್ದು ಅವತ್ತೇ:

'ಗೌಡ್ರೆ, ಗೆರೆ ದಾಟಿವ್ರಿ. ಈಚೀಕ್ ಬನ್ನಿ.'

ಕೆಳಗೆ ನೋಡಿಕೊಂಡೆ. ಹೌದು. ಗೆರೆ ನನ್ನ ಬೆನ್ನ ಹಿಂದೆ ಇತ್ತು.

ಯಾರೋ ಹಿಂದಿನಿಂದ ಅಳಿಲಮ್ಮ ಅಂದರು, ಒಂದಿಬ್ಬರು ನಕ್ಕರು. ಶಿವರಾಜುವಿನ ಮುಖ ಕೆಂಪಾಯಿತು. 'ಏನ್ ಭಾವ ಇದು, ಸಿಪ್ಪೆ ಹರಡೋಳು ಹೇಳ್ತಾಳೆ ಅಂತ ಜಮೀನ್ದಾರ್ರು ನಾವು ಈಚೆ ಬರಬೇಕಾ? ನನ್ ತಂಗಿ ಕಟ್ಟಿದ ಆಲೆಮನೆ ಇದು' ಅಂದ. ನಿಂತ ಜಾಗದಿಂದ ಅಲ್ಲಾಡಲಿಲ್ಲ. ಅವನನ್ನು ಅಲ್ಲೇ ಬಿಟ್ಟು ನಾನೊಬ್ಬನೇ ಹೇಗೆ ಬರಲಿ? ಒಂದು ಕಡೆ ಕುಸುಮನ ಅಣ್ಣ, ಇನ್ನೊಂದು ಕಡೆ ಊರು.

ಮಾದಯ್ಯನ ಕೈಯಲ್ಲಿ ಹದ ಬಂದಿತ್ತು. ಆ ಗಳಿಗೆಯಲ್ಲಿ ಇಳಿಸದಿದ್ದರೆ ಪಾಕ ಸೀಯುತ್ತದೆ, ನಿನಗೆ ಗೊತ್ತಲ್ಲ. ಅವನ ಜನ ಅವನ ಮುಖ ನೋಡಿದರು. ಎತ್ರಲಾ ಅಂತ ಅವನು ಒಂದು ಮಾತು ಅಂದಿದ್ದರೆ ಎತ್ತುತ್ತಿದ್ದರು, ಬಿಸಿ ಪಾಕ ನಮ್ಮಿಬ್ಬರ ಕಾಲ ಪಕ್ಕದಲ್ಲೇ ಹೊರಳುತ್ತಿತ್ತು. ಅವನು ಬಟ್ಟಲನ್ನು ಕೆಳಗಿಟ್ಟ. ಕೈ ಕಟ್ಟಿ ನಿಂತು ನನ್ನನ್ನೇ ನೋಡಿದ. ಹಿಂದೆ ಕೊಪ್ಪರಿಗೆಯ ಬಣ್ಣ ತಿರುಗುತ್ತಿತ್ತು, ವಾಸನೆ ಬರುತ್ತಿತ್ತು.

ವೀಣನನ್ನು ನೋಡಿದೆ. ಚಪ್ಪರದ ಕಂಬದ ಹತ್ತಿರ ಚೊಂಬು ಹಿಡಿದು ನಿಂತಿದ್ದಳು. ಅಪ್ಪ ಅನ್ನಲಿಲ್ಲ, ಮಾವ ಅನ್ನಲಿಲ್ಲ. ತನ್ನ ಸೀಸನ್ನು ಅಲ್ಲಿ ಸೀಯುತ್ತಿದ್ದರೂ ಸುಮ್ಮನೆ ಕಾದಳು. ಬೇರೆಯವರು ಗೆರೆ ದಾಟಿದ್ದರೆ ಹೇಗೆ ಕಾಯುತ್ತಿದ್ದಳೋ ಹಾಗೇ.

ಆಗ ನನ್ನ ಬಾಯಿಗೆ ಮಾತು ಬಂತು. 'ಭಾವ, ಇಲ್ಲಿ ಯಜಮಾನ ನಾನಲ್ಲ ಕಣಪ್ಪ. ಬಾ' ಅಂದೆ. ಅವನ ಹೆಗಲ ಮೇಲೆ ಕೈ ಹಾಕಿ, ಮಗುವನ್ನು ನಡೆಸುವ ಹಾಗೆ ಈಚೆಗೆ ನಡೆಸಿಕೊಂಡು ಬಂದೆ. ಬಂದು ಬೆಂಚಿನ ಮೇಲೆ ಕೂತೆ. ಮಲ್ಲಿಗಮ್ಮ ಹಗ್ಗ ಬಿಟ್ಟಳು.

ಕೊಪ್ಪರಿಗೆ ಇಳಿಯಿತು. ಬೆಲ್ಲ ಕಪ್ಪಗೆ, ನಮ್ಮ ಒಲೆಯ ಮಸಿಯಂತೆ. ಮಾದಯ್ಯ ಅದನ್ನು ಅಚ್ಚಿಗೆ ಹುಯ್ದು, ಕೈ ತೊಳೆದು, ಚಪ್ಪರದ ಹತ್ತಿರ ಬಂದ. ಹೊರಟೇಬಿಟ್ಟ ಅಂದುಕೊಂಡೆ. ಅವನು ನನ್ನ ಕಡೆ ನೋಡಲೇ ಇಲ್ಲ, ವೀಣನಿಗೆ ಹೇಳಿದ:

'ಈ ಪಾಕ ಸೀದಿದ್ದು ನನ್ ಕೈಲಲ್ಲ ಕಣವ್ವ, ನಿಮ್ಮಪ್ಪನ್ ಕಾಲಲ್ಲಿ. ಬರೋ ವರ್ಸ ಒಲೆ ಅಚ್ಚೋ ದಿನ ಒಂದ್ ವಾರ ಮುಂಚೇನೆ ಏಳಿಕಳ್ಸು. ಬತ್ತೀನಿ.'

ವೀಣ ತಲೆ ಆಡಿಸಿದಳು. ಆಮೇಲೆ ನೇರ ಮಲ್ಲಿಗಮ್ಮನ ಹತ್ತಿರ ಹೋದಳು. ಏನು ಹೇಳುತ್ತಾಳೆ ಅಂತ ನಾನು ಕಿವಿ ಕೊಟ್ಟು ಕೂತಿದ್ದೆ. 'ಒಳ್ಳೇದ್ ಮಾಡ್ದೆ ಮಲ್ಲಿಗಮ್ಮ. ಇನ್ನೊಂದ್ ಸಲ ಕಂಡ್ರೂ ಎಳಿ.' ಅಳಿಲಿನ ದಿನ ಆಡಿದ ಮಾತೇ, ಅದೇ ಧ್ವನಿ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಳಿಲೂ ನಾನೂ ಒಂದೇ. ಮಕ್ಸೂದು, ನನ್ನ ಜೀವಮಾನದಲ್ಲಿ ನನಗೆ ಇಷ್ಟು ದೊಡ್ಡ ಮರ್ಯಾದೆ ಯಾರೂ ಮಾಡಿರಲಿಲ್ಲ.

ಶಿವರಾಜು ಊಟ ಮಾಡಿಕೊಂಡೇ ಹೋದ. ಹೋಗುವಾಗ ಗೋಡೆಯ ಮುಂದೆ ನಿಂತು ಓದಿದ. ಸೆರಗಿನ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡ.

ಆ ಕಪ್ಪು ಬೆಲ್ಲವನ್ನು ಮಾರಲು ವೀಣ ಒಪ್ಪಲಿಲ್ಲ. ಒಂದು ಅಚ್ಚು ಕಟ್ಟಿ ನಾಗರಾಜು ಕೈಯಲ್ಲಿ ಕಳಿಸಿದ್ದೇನೆ. ಸ್ವಲ್ಪ ಕಹಿ. ನಮ್ಮ ಆಲೆಮನೆ ಶುರುವಾದಾಗಿನಿಂದ ಇದಕ್ಕಿಂತ ಒಳ್ಳೆಯ ಬೆಲ್ಲ ಬಂದಿಲ್ಲ ಅಂತ ನನ್ನ ಅಭಿಪ್ರಾಯ. ತಿನ್ನು.

ವಿತ್ ಪ್ರೈಡ್ ಅಂಡ್ ಪ್ಲೆಷರ್,
ನಿನ್ನ ಕೆಂಪರಾಜು

*

ಮಳವಳ್ಳಿ
೨೪ ಜನವರಿ ೨೦೨೫

ಕೆಂಪ,

ಬೆಲ್ಲ ತಿಂದೆ. ಕಹಿ ಇದೆ. ಆಮ್ನಾ ಮುಖ ಕಿವುಚಿದಳು, ಆದರೂ ಇನ್ನೊಂದು ಚೂರು ಕೇಳಿದಳು.

ಒಂದು ವಿಷಯ ಸತ್ಯ ಹೇಳು. ಬೀದಿಯಲ್ಲಿ ನಿಂತು ವಾಸನೆಯಲ್ಲೇ ಹದ ಹೇಳುವವನು ನೀನು. ಕೊಪ್ಪರಿಗೆ ಹತ್ತಿರ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಮಾದಯ್ಯನನ್ನು ಉಳಿಸಿಕೊಳ್ಳಲು ಬೇಕು ಅಂತಲೇ ದಾಟಿದೆಯಾ? ಹಾಗಿದ್ದರೆ ನೀನು ನಾನು ತಿಳಿದದ್ದಕ್ಕಿಂತ ಬುದ್ಧಿವಂತ.

ಮಕ್ಸೂದ್

*

ಆತಗೂರು ಹೋಬಳಿ
೨ ಫೆಬ್ರವರಿ ೨೦೨೫

ಲೇ ಮಕ್ಸೂದು,

ನೀನೊಬ್ಬನೇ ಅಲ್ಲ, ಊರೆಲ್ಲ ಹಾಗೇ ಹೇಳುತ್ತಿದೆ. ಗೌಡರು ಪ್ಲಾನ್ ಹಾಕಿ ದಾಟಿದರು, ಮಾದಯ್ಯನ ಬಾಯಿ ಮುಚ್ಚಿಸಿದರು ಅಂತ. ಟೀ ಅಂಗಡಿಯಲ್ಲಿ ನನಗೆ ಕುರ್ಚಿ ಬಿಟ್ಟುಕೊಡುತ್ತಾರೆ. ನಾನು ಮೀಸೆಯಲ್ಲೇ ನಕ್ಕು ಸುಮ್ಮನಿರುತ್ತೇನೆ. ಆದರೆ ನಿನಗೆ ಸುಳ್ಳು ಹೇಳಿ ಏನು ಪ್ರಯೋಜನ. ಐ ಡಿಡ್ ನಾಟ್ ನೋ. ನಡೆದು ನಡೆದು ಆ ಜಾಗ ನನ್ನ ಕಾಲಿಗೆ ಬಾಯಿಪಾಠ. ಭಾವನ ಕೈ ಹಿಡಿದೆ, ಕುಸುಮ ನೆನಪಾದಳು, ಕಾಲು ತನ್ನ ಪಾಡಿಗೆ ತಾನು ಹೋಯಿತು. ಗೆರೆ ಕಾಣಲೇ ಇಲ್ಲ. ಗೋಡೆಯ ಮೇಲೆ ಅದನ್ನು ಬರೆದ ಕೈ ನನ್ನದೇ ಅನ್ನುವುದು ನೋಡು.

ವೀಣನಿಗೆ ಹೇಳಿದೆ ಇದನ್ನು. 'ಗೊತ್ತಪ್ಪ, ಹೊಸಬ್ರು ಹೆದ್ರಿ ದೂರ ನಿಲ್ತಾರೆ. ಗೆರೆ ಎಳ್ದಿದ್ದೇ ಹಳಬ್ರಿಗೆ' ಅಂದಳು. ಬೇಕು ಅಂತ ದಾಟಿದ್ದರೆ ಅದು ನಾಟಕ ಆಗುತ್ತಿತ್ತಂತೆ. ಮರೆತು ದಾಟಿದ್ದಕ್ಕೇ ಹಗ್ಗ ನಿಜವಾಯಿತಂತೆ.

ಗೋಡೆಯ ಕೆಳಗೆ ಖಾಲಿ ಬಿಟ್ಟ ಜಾಗ ಭರ್ತಿಯಾಯಿತು. ಮಾದಯ್ಯ ಹೇಳಿದ, ನಾನು ಬರೆದೆ: ಮೇಲೆ ಬರೆದದ್ದೆಲ್ಲ ಯಜಮಾನರಿಗೂ ಅವರ ನೆಂಟರಿಗೂ ಸೇರಿದ್ದು. ಬರೆದು ಮುಗಿಸುವವರೆಗೂ ಅವನು ಹಿಂದೆಯೇ ನಿಂತಿದ್ದ. ಓದಲು ಬಾರದಿದ್ದರೂ, ಯಜಮಾನರು ಅನ್ನುವ ಅಕ್ಷರ ಯಾವುದು ಅಂತ ಕೇಳಿ ಬೆರಳಿಟ್ಟು ನೋಡಿಕೊಂಡ. ಮಲ್ಲಿಗಮ್ಮನನ್ನು ಈಗ ಅಳಿಲಮ್ಮ ಅಂದರೆ ಅವಳೇ ನಗುತ್ತಾಳೆ. ಗುಂಪಿನವರು ಅವಳಿಗೆ ಹಗ್ಗದ ಪಕ್ಕದಲ್ಲೇ ಜಾಗ ಕೊಟ್ಟಿದ್ದಾರೆ.

ಇನ್ನು ನಿನ್ನ ವಿಷಯ. ಸೀಸನ್ ಮುಗಿಯುವ ಮುಂಚೆ ನೀನು ಬರಬೇಕು. ಡ್ರೈವರ್ ಹಿಂದಿನ ಸೀಟು ನಿನಗೆ ಹಿಡಿದಿಡು ಅಂತ ನಾಗರಾಜುಗೆ ಹೇಳಿದ್ದೇನೆ. ಕಿವಿ ಕೇಳದವನು ಮಿಷನ್ ಹತ್ತಿರ ನಿಲ್ಲಕೂಡದು ಅಂದೆಯಲ್ಲ, ಒಪ್ಪಿದೆ. ಹತ್ತಿರ ನಿಲ್ಲಬೇಡ. ಗೆರೆಯ ಈಚೆ ಬೆಂಚಿದೆ, ಅಲ್ಲಿ ನನ್ನ ಪಕ್ಕ ಕೂರು. ಅಲ್ಲಿಂದ ಬಲ್ಬು ಚೆನ್ನಾಗಿ ಕಾಣುತ್ತದೆ. ಮಾತು ಕೇಳಿಸುವುದಿಲ್ಲ ಅಂತ ಯೋಚನೆ ಮಾಡಬೇಡ. ಗಾಣ ತಿರುಗುವಾಗ ಆ ಚಪ್ಪರದಲ್ಲಿ ಕೂತವರೆಲ್ಲ ಕಿವುಡರೇ, ಎಲ್ಲರೂ ಕೈಯಲ್ಲೇ ಮಾತಾಡುವುದು. ಅಷ್ಟು ಜನರಲ್ಲಿ ಅಭ್ಯಾಸ ಇರುವವನು ನೀನೊಬ್ಬನೇ.

ನಿನ್ನ ಹಗ್ಗ ನನ್ನನ್ನು ಈಚೆಗೆ ಎಳೆದು ಕೂರಿಸಿದೆ. ಬಂದು ನೋಡು.

ಎಲೆ ಹಾಸಿ ಕಾಯುತ್ತಿರುವ,
ಕೆಂಪರಾಜು